ಎಂಟು ತಂತಿಯ ಗಿಟಾರಿಗೆ ಪಿಕಪ್ ಬದಲಿಸಿದ ಕತೆ

ಎಂಟನೇ ತಂತಿಯನ್ನು ಅಂಗೈಯಂಚಿನಿಂದ ಅದುಮಿ ಮೀಟಿದರೆ "ಢಗ್" ಅನ್ನಬೇಕು. ನನ್ನ ಗಿಟಾರ್ "ಭೊಂವ್" ಅನ್ನುತ್ತಿತ್ತು. ಒಂದೇ ಹೊಡೆತವಾದರೆ ಹೇಗೋ ನಡೆಯುತ್ತದೆ. ವೇಗದ ರಿಫ್‌ನಲ್ಲಿ (ಮತ್ತೆ ಮತ್ತೆ ಬರುವ ಸ್ವರಗುಚ್ಛದಲ್ಲಿ) ನಾಲ್ಕು ಹೊಡೆತ ಬೆನ್ನುಬೆನ್ನಿಗೆ ಬಿದ್ದರೆ ನಾಲ್ಕೂ ಒಂದಕ್ಕೊಂದು ಅಂಟಿಕೊಂಡು ಒಂದೇ ಉದ್ದನೆಯ ಗುಡುಗಾಗುತ್ತಿತ್ತು. ಡಿಸ್ಟಾರ್ಶನ್, ಅಂದರೆ ದನಿಯನ್ನು ಬೇಕೆಂದೇ ಒಡೆದು ಒರಟಾಗಿಸುವುದು, ಇಲ್ಲದೆ ನುಡಿಸಿದರೆ ಅಷ್ಟೇನೂ ಕೆಟ್ಟದಾಗಿ ಕೇಳುತ್ತಿರಲಿಲ್ಲ. ಗೇನ್ (ವರ್ಧನೆ) ಏರಿಸಿದ ಕೂಡಲೇ ಎಲ್ಲವೂ ಕಲಸಿಹೋಗುತ್ತಿತ್ತು. ಎರಡು ತಿಂಗಳು ಆಂಪ್ (ಆಂಪ್ಲಿಫೈಯರ್) ಸೆಟ್ಟಿಂಗ್ ತಿರುವಿ ತಿರುವಿ ಸೋತ ಮೇಲೆ ಗಿಟಾರನ್ನೇ ಮೇಜಿನ ಮೇಲೆ ಮಲಗಿಸಿದೆ. ಅಲ್ಲಿಂದ ಮುಂದೆ ಪಿಕಪ್ಪಿಗೆ, ಅಂದರೆ ತಂತಿಯ ಅದುರಾಟವನ್ನು ವಿದ್ಯುತ್ತಾಗಿ ಹಿಡಿಯುವ ಆಯಸ್ಕಾಂತ-ಸುರುಳಿಗೆ, ಏನೇನು ಮಾಡಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಗಿಟಾರ್ ಹೀಗಿದೆ: 27 ಇಂಚು, ಅಂದರೆ 686 ಮಿ.ಮೀ. ಸ್ಕೇಲ್ (ತಂತಿ ಮಿಡಿಯುವ ಉದ್ದ). ಅಲುಗಾಡದ ಬ್ರಿಜ್ (ಮೈಮೇಲೆ ತಂತಿಗಳು ಕೂರುವ ಭಾಗ), ಎರಡು ಹಮ್‌ಬಕರ್ (ಜೋಡಿ ಸುರುಳಿಯ ಪಿಕಪ್), ಒಂದು ವಾಲ್ಯೂಮ್, ಒಂದು ಟೋನ್, ಮೂರು ಸ್ಥಾನದ ಸ್ವಿಚ್. ಶ್ರುತಿ ಕೆಳಗಿನಿಂದ ಎಫ್ ಶಾರ್ಪ್, ಬಿ, ಆಮೇಲೆ ಮಾಮೂಲಿ ಆರು ತಂತಿಗಳು. ಆರು ತಂತಿಯ ಗಿಟಾರಿನ ಕೆಳಗಿನ ಇ ಸುಮಾರು 82 ಹರ್ಟ್ಸ್. ಏಳನೇ ತಂತಿಯ ಬಿ ಸುಮಾರು 62. ಎಂಟನೆಯ ಎಫ್ ಶಾರ್ಪ್ 46 ಹರ್ಟ್ಸ್. ನಾಲ್ಕು ತಂತಿಯ ಬೇಸ್ ಗಿಟಾರಿನ ಕೆಳಗಿನ ಇ 41 ಹರ್ಟ್ಸ್ ಅಂದರೆ ಅಂತರ ಎಷ್ಟು ಕಡಿಮೆ ನೋಡಿ, ಬರೀ ಎರಡು ಅರ್ಧಸ್ವರ. ಅಂದರೆ ನಮ್ಮ ಎಂಟನೇ ತಂತಿ ಬೇಸ್ ವಾದಕನ ಮನೆಯೊಳಗೇ ನಿಂತಿದೆ.

ಇದನ್ನು ತಲೆಯಲ್ಲಿಟ್ಟುಕೊಂಡರೆ ಪಿಕಪ್ ಆಯ್ಕೆಯ ಅರ್ಧ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ. ಆ 46 ಹರ್ಟ್ಸ್‌ನ ಮೂಲನಾದ ಗಿಟಾರಿನಿಂದ ದೊಡ್ಡದಾಗಿ ಬರಬೇಕಾದ ಅಗತ್ಯವೇ ಇಲ್ಲ. ಅದರ ಮೇಲಿನ ಅಂಶಸ್ವರಗಳು, ಅಂದರೆ 92, 139, 185 ಹೀಗೆ ಏರುತ್ತ ಹೋಗುವವು, ಸ್ಪಷ್ಟವಾಗಿದ್ದರೆ ಸಾಕು, ಕಿವಿ ತಾನೇ ಕೆಳಗಿನ ಸ್ವರವನ್ನು ಕಟ್ಟಿಕೊಳ್ಳುತ್ತದೆ. ಗಿಟಾರಿನ ಕೆಲಸ ಮೀಟಿನ ಪೆಟ್ಟನ್ನೂ ಈ ಮೇಲಿನ ಸ್ವರಗಳನ್ನೂ ಬಿಡಿಬಿಡಿಯಾಗಿ ಕೊಡುವುದು. ತಳದ ಭಾರವೆಲ್ಲ ಡಿಸ್ಟಾರ್ಶನ್‌ಗೆ ಹೋಗಿ ಬಿದ್ದರೆ ಅದು ಉಳಿದೆಲ್ಲವನ್ನೂ ತನ್ನ ಜೊತೆ ಎಳೆದಾಡುತ್ತದೆ. ಒಮ್ಮೆ ಹಾಗೆ ಕಲಸಿದ್ದನ್ನು ಆಮೇಲೆ ಯಾವ ಈಕ್ವಲೈಜರ್‌ನಿಂದಲೂ ಬಿಡಿಸಲು ಆಗುವುದಿಲ್ಲ.

ಹೊಸ ಪಿಕಪ್ ಹುಡುಕುವ ಮೊದಲು ಸ್ಕ್ರೂಡ್ರೈವರ್‌ನಲ್ಲಿ ಆಗುವ ಕೆಲಸ ಮುಗಿಸೋಣ ಎಂದುಕೊಂಡೆ. ಕೊನೆಯ ಫ್ರೆಟ್ ಒತ್ತಿ ಹಿಡಿದು, ಎಂಟನೇ ತಂತಿಯ ಅಡಿಯಿಂದ ಬ್ರಿಜ್ ಪಿಕಪ್‌ವರೆಗೆ ಅಳೆದರೆ 1.4 ಮಿ.ಮೀ. ತೀರಾ ಹತ್ತಿರ. ದಪ್ಪ ತಂತಿ, ಸಡಿಲ ಬಿಗಿತ, ಅಗಲವಾದ ಅಲುಗಾಟ, ಕೆಳಗೆ ಬಲವಾದ ಆಯಸ್ಕಾಂತ. ಹೀಗಿದ್ದಾಗ ಆಯಸ್ಕಾಂತ ತಂತಿಯನ್ನೇ ಜಗ್ಗುತ್ತದೆ. ಹನ್ನೆರಡನೇ ಫ್ರೆಟ್ಟಿನ ಆಚೆ ಸ್ವರ ನಿಲ್ಲದೆ ತೊನೆಯುತ್ತಿದ್ದದ್ದು, ಟ್ಯೂನರ್ ಸೂಜಿ ಒಂದೆಡೆ ಕೂರದೆ ಇದ್ದದ್ದು ಇದರಿಂದಲೇ. ನಾನು ಅಲ್ಲಿಯವರೆಗೆ ಇಂಟೊನೇಶನ್ (ಫ್ರೆಟ್ಟುಗಳ ಮೇಲೆ ಸ್ವರ ಸರಿಯಾಗಿ ಕೂರುವುದು) ಕೆಟ್ಟಿದೆ ಎಂದು ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಒರಗುವ ತುಂಡು) ಹಿಂದೆ ಮುಂದೆ ಮಾಡುತ್ತಿದ್ದೆ. ಪಿಕಪ್ಪಿನ ದಪ್ಪ ತಂತಿಯ ಕಡೆಯನ್ನು 2.8 ಮಿ.ಮೀ.ಗೆ ಇಳಿಸಿದೆ. ತೊನೆದಾಟ ಪೂರ್ತಿ ನಿಂತಿತು. "ಭೊಂವ್" ಕೂಡ ಕಾಲುಭಾಗ ಕಡಿಮೆಯಾಯಿತು. ಕಡಿಮೆ ಶ್ರುತಿಯ ಗಿಟಾರ್ ಇಟ್ಟುಕೊಂಡ ಯಾರೇ ಆಗಲಿ, ಹಣ ಖರ್ಚು ಮಾಡುವ ಮೊದಲು ಇದೊಂದನ್ನು ಮಾಡಿ ನೋಡಬೇಕು.

ಕೇಬಲ್ ಬದಲಿಸಿದೆ. ಐದು ಮೀಟರಿನದು ತೆಗೆದು ಮೂರು ಮೀಟರಿನದು ಹಾಕಿದರೆ ಮೀಟಿನ ತುದಿ ಸ್ವಲ್ಪ ಚುರುಕಾಯಿತು. ವಾಲ್ಯೂಮ್ ಪಾಟ್ (ತಿರುಗಿಸುವ ಗುಂಡಿಯ ಕೆಳಗಿನ ರೆಸಿಸ್ಟರ್) 500 ಕಿಲೋ ಓಮ್ ಎಂದು ಬರೆದಿದ್ದರೂ ಅಳೆದರೆ 410 ಇತ್ತು. 530 ಇರುವುದೊಂದನ್ನು ಹಾಕಿದೆ, ವ್ಯತ್ಯಾಸ ಕೂದಲೆಳೆಯಷ್ಟು. ತಂತಿ 0.074 ಇಂಚಿನದು. 0.080 ಹಾಕಿ ನೋಡಿದೆ, ಬಿಗಿತ ಹೆಚ್ಚಿತು. ಆದರೆ ದನಿ ಇನ್ನಷ್ಟು ಮೊಂಡಾಯಿತು. ತಂತಿ ದಪ್ಪವಾದಷ್ಟೂ ಗಡಸಾಗುತ್ತದೆ, ಅದರ ಅಂಶಸ್ವರಗಳು ತಮ್ಮ ಜಾಗದಿಂದ ಮೇಲಕ್ಕೆ ಜರುಗುತ್ತವೆ. 0.074ಕ್ಕೇ ಮರಳಿದೆ. ಡಿಸ್ಟಾರ್ಶನ್‌ಗೆ ಮೊದಲು ಟ್ಯೂಬ್ ಸ್ಕ್ರೀಮರ್ ಬಗೆಯ ಪೆಡಲನ್ನು ಡ್ರೈವ್ ಸೊನ್ನೆಯಲ್ಲಿಟ್ಟು ಹಾಕುವುದು ಎಲ್ಲರೂ ಬಲ್ಲ ಉಪಾಯ. ಆ ಸರ್ಕ್ಯೂಟ್ ಸುಮಾರು 720 ಹರ್ಟ್ಸ್‌ನಿಂದ ಕೆಳಗಿನದಕ್ಕೆ ವರ್ಧನೆ ಕಡಿಮೆ ಮಾಡುತ್ತ ಹೋಗುತ್ತದೆ, ಬಿಗಿ ಬರುವುದು ಅದರಿಂದ. ಅದೂ ಆಯಿತು.

ಇಷ್ಟರಲ್ಲಿ ಅರ್ಧ ತೊಂದರೆ ಹೋಯಿತು. ಅರ್ಧ ಉಳಿಯಿತು. ಎಂಟನೇ ಮತ್ತು ಏಳನೇ ತಂತಿ ಸೇರಿಸಿ ಪವರ್ ಕಾರ್ಡ್ (ಎರಡು ಸ್ವರದ ಜೋಡಿ) ಹಿಡಿದರೆ ಎರಡು ಸ್ವರ ಇವೆ ಎಂದೇ ತಿಳಿಯುತ್ತಿರಲಿಲ್ಲ.

ಪಿಕಪ್ಪುಗಳನ್ನು ಬಿಚ್ಚಿ ಹೊರತೆಗೆದೆ. ಬ್ರಿಜ್ ಪಿಕಪ್ಪಿನ ಹೊಟ್ಟೆಯಲ್ಲಿ ಒಂದಲ್ಲ, ಮೂರು ಸೆರಾಮಿಕ್ ಆಯಸ್ಕಾಂತಗಳು. ಮಲ್ಟಿಮೀಟರ್‌ನಲ್ಲಿ 17.9 ಕಿಲೋ ಓಮ್. ಎಲ್‌ಸಿಆರ್ ಮೀಟರನ್ನು 100 ಹರ್ಟ್ಸ್‌ಗೆ ಇಟ್ಟು ಅಳೆದರೆ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತಕ್ಕೆ ಸುರುಳಿ ಒಡ್ಡುವ ತಡೆಯ ಅಳತೆ) 10.2 ಹೆನ್ರಿ. ಈ ಎರಡನೆಯ ಅಂಕಿಯೇ ನನಗೆ ಬೇಕಿದ್ದದ್ದು.

ಕಿಲೋ ಓಮ್ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಪಿಕಪ್ ಕೊಳ್ಳುವವರೆಲ್ಲ ಮೊದಲು ನೋಡುವುದು ಅದನ್ನೇ. ಓಮ್ ಹೇಳುವುದು ಸುತ್ತಿದ ತಾಮ್ರದ ಎಳೆಯ ಉದ್ದ ಮತ್ತು ಸಪೂರತನವನ್ನು ಮಾತ್ರ. 42 ಗೇಜಿನ ಬದಲು 43 ಗೇಜಿನ ಸಪೂರ ಎಳೆಯಲ್ಲಿ ಅಷ್ಟೇ ಸುತ್ತು ಸುತ್ತಿದರೂ ಓಮ್ ಏರುತ್ತದೆ. ಎಂಟು ತಂತಿಯ ಪಿಕಪ್ಪಿನ ಬಾಬಿನ್ (ಎಳೆ ಸುತ್ತುವ ಚೌಕಟ್ಟು) ಉದ್ದ, ಹಾಗಾಗಿ ಪ್ರತಿ ಸುತ್ತಿಗೂ ಎಳೆ ಹೆಚ್ಚು ಬೇಕು. ಆರು ತಂತಿಯ ಪಿಕಪ್ಪಿನಷ್ಟೇ ಸುತ್ತು ಇದ್ದರೂ ಓಮ್ ಹೆಚ್ಚು ತೋರಿಸುತ್ತದೆ. ಹಾಗಿರುವಾಗ ಆರು ತಂತಿಯ ಪಿಕಪ್ಪಿನ ಓಮ್ ಜೊತೆ ಎಂಟು ತಂತಿಯದನ್ನು ಹೋಲಿಸಿ "ಇದು ಹೆಚ್ಚು ಬಿಸಿ", ಅಂದರೆ ಹೆಚ್ಚು ಜೋರು, ಅನ್ನುವುದರಲ್ಲಿ ಅರ್ಥವೇ ಇಲ್ಲ.

ದನಿಯ ಬಣ್ಣ ಹೇಳುವುದು ಇಂಡಕ್ಟೆನ್ಸ್. ಪಿಕಪ್ಪಿನ ಇಂಡಕ್ಟೆನ್ಸ್ ಮತ್ತು ಕೇಬಲ್ಲಿನ ಕೆಪಾಸಿಟೆನ್ಸ್ (ವಿದ್ಯುತ್ ಶೇಖರಿಸುವ ಗುಣ) ಸೇರಿ ಒಂದು ಅನುರಣನದ ಶಿಖರ ಕಟ್ಟುತ್ತವೆ, ಅದರಾಚೆಗೆ ಎಲ್ಲವೂ ಇಳಿಜಾರು. ಕೇಬಲ್ ಮೀಟರಿಗೆ ಸುಮಾರು 100 ಪಿಕೋ ಫ್ಯಾರಡ್ ಎಂದು ಹಿಡಿಯಿರಿ. ಐದು ಮೀಟರಿಗೆ 500, ಪಿಕಪ್ ಮತ್ತು ಒಳಗಿನ ತಂತಿಯದು ಒಂದು 150. 10.2 ಹೆನ್ರಿಗೆ ಲೆಕ್ಕ ಹಾಕಿದರೆ ಶಿಖರ ಸುಮಾರು 1950 ಹರ್ಟ್ಸ್‌ನಲ್ಲಿ ಬೀಳುತ್ತದೆ. ಮೂರು ಮೀಟರ್ ಕೇಬಲ್ಲಿಗೆ 2350. ಕೇಬಲ್ ಗಿಡ್ಡ ಮಾಡಿದಾಗ ಮೀಟು ಯಾಕೆ ಚುರುಕಾಯಿತು ಅನ್ನುವುದು ಆಗ ಕಾಗದದ ಮೇಲೆ ಕಂಡಿತು. ಸುತ್ತು ಕಡಿಮೆ ಮಾಡಿ ಇಂಡಕ್ಟೆನ್ಸ್ 5.6ಕ್ಕೆ ಇಳಿಸಿದರೆ ಐದು ಮೀಟರ್ ಕೇಬಲ್ಲಿನಲ್ಲೇ ಶಿಖರ 2640ಕ್ಕೆ ಏರುತ್ತದೆ. ಪ್ಲೆಕ್ಟ್ರಮ್ ತಂತಿಗೆ ತಾಗುವ "ಟಕ್" ಇರುವುದು ಆ ಜಾಗದ ಆಸುಪಾಸಿನಲ್ಲಿ.

ಆಮೇಲೆ ಆಯ್ಕೆ. ಮನಸ್ಸು ಮೊದಲು ಹೋದದ್ದು ಆಕ್ಟಿವ್, ಅಂದರೆ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಒಳಗೇ ಇರುವ ಪಿಕಪ್ ಕಡೆಗೆ. ಅದು ಸಹಜ. 1990ರಲ್ಲಿ ಗಿಟಾರ್ ವಾದಕ ಸ್ಟೀವ್ ವಾಯ್ ಅವರ ಹೆಸರಿನೊಂದಿಗೆ ಐಬನೆಜ್‌ನ ಏಳು ತಂತಿಯ ಯೂನಿವರ್ಸ್ ಬಂದಿತು, ಅದಾದ ಕೆಲವೇ ವರ್ಷಕ್ಕೆ ಕಾರ್ನ್ ಬ್ಯಾಂಡಿನವರು ಅದೇ ಏಳು ತಂತಿಯನ್ನು ಕೆಳಗಿನ ಶ್ರುತಿಗೆ ಇಳಿಸಿ ಭಾರವಾದ ಸಂಗೀತಕ್ಕೆ ತಂದರು. 2007ರಲ್ಲಿ ಐಬನೆಜ್ ಎಂಟು ತಂತಿಯ ಆರ್‌ಜಿ 2228 ತಂದಾಗ ಅದರಲ್ಲಿದ್ದದ್ದು ಇಎಂಜಿ 808 ಎಂಬ ಆಕ್ಟಿವ್ ಪಿಕಪ್. ಎಂಟು ತಂತಿ ಎಂದರೆ ಕಪ್ಪು ಸೋಪ್‌ಬಾರ್ (ಸೋಪಿನ ಆಕಾರದ ಮುಚ್ಚಿದ ಪಿಕಪ್) ಎಂಬ ಚಿತ್ರ ನನ್ನಂಥವರ ಕಣ್ಣಲ್ಲಿ ಕೂತದ್ದು ಅಲ್ಲಿಂದ. ಅದರ ಗುಣ ನಿಜವಾದ ಗುಣವೇ. ಒಳಗಿನ ಪ್ರೀಆಂಪ್‌ನಿಂದಾಗಿ ಕೇಬಲ್ ಉದ್ದ ಲೆಕ್ಕಕ್ಕೇ ಬರುವುದಿಲ್ಲ, ಗುಂಯ್‌ಗುಡುವಿಕೆ ಕಡಿಮೆ, ಆಯಸ್ಕಾಂತದ ಜಗ್ಗಾಟವೂ ಕಡಿಮೆ. ಫಿಶ್‌ಮನ್ ಫ್ಲೂಯೆನ್ಸ್ ಇನ್ನೊಂದು ದಾರಿ ಹಿಡಿದಿದೆ. ಅದರಲ್ಲಿ ಸುತ್ತಿದ ಎಳೆಯೇ ಇಲ್ಲ, ಪದರ ಪದರವಾಗಿ ಮುದ್ರಿಸಿದ ಸುರುಳಿಗಳಿವೆ, ಒಂದೇ ಪಿಕಪ್ಪಿನಲ್ಲಿ ಬೇರೆ ಬೇರೆ ದನಿ ಆರಿಸಬಹುದು.

ನಾನು ಬೇಡವೆಂದದ್ದು ಮರದ ಕಾರಣಕ್ಕೆ. ನನ್ನ ಗಿಟಾರಿನಲ್ಲಿ ಪಿಕಪ್ ಕೂರುವ ಗುಂಡಿ ಪ್ಯಾಸಿವ್ (ಬ್ಯಾಟರಿಯಿಲ್ಲದ) ಪಿಕಪ್ಪಿನ ಅಳತೆಯದು, ಸೋಪ್‌ಬಾರ್ ಕೂರಬೇಕಾದರೆ ಮರ ಕೊರೆಯಬೇಕು. ಪಾಟ್‌ಗಳು 25 ಕಿಲೋ ಓಮ್‌ನವು ಬೇಕು, ಜ್ಯಾಕ್ ಸ್ಟೀರಿಯೊ ಆಗಬೇಕು, 9 ವೋಲ್ಟ್ ಬ್ಯಾಟರಿಗೆ ಜಾಗ ಮಾಡಬೇಕು. ಒಮ್ಮೆ ಕೊರೆದ ಮರ ಮತ್ತೆ ತುಂಬುವುದಿಲ್ಲ. ಗುಂಡಿ ಮೊದಲೇ ಸೋಪ್‌ಬಾರ್‌ನದಾಗಿದ್ದರೆ ಈ ಕತೆ ಬೇರೆಯೇ ಆಗುತ್ತಿತ್ತೇನೋ.

ಪ್ಯಾಸಿವ್ ಎಂದಮೇಲೆ ಆಯಸ್ಕಾಂತ ಸೆರಾಮಿಕ್ ಬೇಕೋ ಆಲ್ನಿಕೊ ಬೇಕೋ ಎಂಬ ಹಳೆಯ ಜಗಳ. ಸೆಮೋರ್ ಡಂಕನ್ ಒಂದೇ ಭಾರದ ಸಂಗೀತಕ್ಕೆ ಸೆರಾಮಿಕ್ಕಿನ ನಾಜ್‌ಗೂಲ್ ಅನ್ನೂ ಆಲ್ನಿಕೊ 5ರ ಪೆಗಸಸ್ ಅನ್ನೂ ಎರಡನ್ನೂ ಮಾಡುತ್ತದೆ, ಎರಡಕ್ಕೂ ಅಭಿಮಾನಿಗಳಿದ್ದಾರೆ. ನನ್ನ ಹಳೆಯ ಪಿಕಪ್ ಸೆರಾಮಿಕ್, ಅದು ಮಬ್ಬು, ಹಾಗಾದರೆ ಆಲ್ನಿಕೊ ತರೋಣ ಎಂದು ಒಂದು ವಾರ ನಂಬಿಕೊಂಡಿದ್ದೆ. ಲೆಕ್ಕ ಹಾಕುತ್ತ ಕೂತಾಗ ಆ ನಂಬಿಕೆ ಸಡಿಲವಾಯಿತು. ಆಲ್ನಿಕೊ ಲೋಹ. ಅದು ಸುರುಳಿಗಳ ಅಡಿಯಲ್ಲಿ ಕೂತು ಇಂಡಕ್ಟೆನ್ಸನ್ನು ಸ್ವಲ್ಪ ಏರಿಸುತ್ತದೆ, ಎಡ್ಡಿ ಕರೆಂಟ್‌ಗಳಿಂದ (ಲೋಹದೊಳಗೇ ಸುತ್ತುವ ಕರೆಂಟ್‌ಗಳಿಂದ) ಶಿಖರವನ್ನು ಮೆತ್ತಗೆ ಮಾಡುತ್ತದೆ. ಸೆರಾಮಿಕ್ ವಿದ್ಯುತ್ತನ್ನು ಹರಿಯಬಿಡುವುದಿಲ್ಲ, ಹಾಗಾಗಿ ಅದು ಆ ತೊಂದರೆ ಕೊಡುವುದಿಲ್ಲ. ತಪ್ಪು ಸೆರಾಮಿಕ್ಕಿನದಲ್ಲ. ಅತಿಯಾಗಿ ಸುತ್ತಿದ ಎಳೆಯದು, ಮತ್ತು ಒಂದು ಸಾಕಾಗುವ ಕಡೆ ಮೂರು ಆಯಸ್ಕಾಂತ ತುರುಕಿದ್ದರದು. ಹಾಗಾಗಿ ಬ್ರಿಜ್‌ಗೆ ಸೆರಾಮಿಕ್ ಉಳಿಸಿಕೊಂಡು ಸುತ್ತು ಕಡಿಮೆ ಮಾಡುವುದೆಂದು ನಿಶ್ಚಯಿಸಿದೆ. ನಿಧಾನಗತಿಯ, ಒಂದೊಂದು ಸ್ವರವೂ ಉದ್ದಕ್ಕೆ ಉರಿಯುವಂಥ ಸಂಗೀತ ನುಡಿಸುವವರಿಗೆ ಇದೇ ಸರಿ ಎಂದು ಹೇಳಲಾರೆ. ಅವರಿಗೆ ಆ ದಪ್ಪ ಬೇಕಾಗುತ್ತದೆ. ನನ್ನದು ಅದುಮಿದ, ಕತ್ತರಿಸಿದಂಥ ಹೊಡೆತಗಳ ಸಂಗೀತ.

ಇನ್ನೊಂದು ವಿಷಯ ಪೋಲ್‌ಪೀಸ್, ಅಂದರೆ ಪ್ರತಿ ತಂತಿಯ ಅಡಿಗೂ ಪಿಕಪ್ಪಿನಲ್ಲಿರುವ ಲೋಹದ ಮೊಳೆ. ಬ್ರಿಜ್‌ನಲ್ಲಿ ತಂತಿಯಿಂದ ತಂತಿಗೆ 10.5 ಮಿ.ಮೀ., ಅಂದರೆ ಈ ತುದಿಯಿಂದ ಆ ತುದಿಗೆ 73.5. ಹಳೆಯ ಪಿಕಪ್ಪಿನ ಪೋಲ್‌ಗಳ ಹರವು 70. ಎಂಟನೇ ತಂತಿಯೂ ಒಂದನೆಯದೂ ತಮ್ಮ ಪೋಲ್‌ನಿಂದ ಹೊರಗೆ ಜಾರಿ ನಿಂತಿದ್ದವು. ಆರು ತಂತಿಯಲ್ಲಿ ಚಿಕ್ಕದಾಗಿ ಉಳಿಯುವ ಈ ಅಂತರ, ತಂತಿ ಹೆಚ್ಚಿದಷ್ಟೂ ಕೂಡುತ್ತ ಹೋಗುತ್ತದೆ. ಓರೆ ಫ್ರೆಟ್ಟಿನ ಗಿಟಾರಿನಲ್ಲಿ ಪಿಕಪ್ಪನ್ನೂ ಓರೆಯಾಗಿ ಕೂರಿಸುವುದರಿಂದ ಇನ್ನೂ ಕಷ್ಟ. ಪೋಲ್ ಬದಲು ಉದ್ದನೆಯ ಉಕ್ಕಿನ ಪಟ್ಟಿ ಇರುವ ಪಿಕಪ್ ಆದರೆ ಈ ಚಿಂತೆಯೇ ಇಲ್ಲ. ಪಟ್ಟಿ ದಪ್ಪವಾದಷ್ಟೂ ಎಡ್ಡಿ ಕರೆಂಟ್ ಹೆಚ್ಚಿ ತುದಿಯ ಹೊಳಪು ಕುಗ್ಗುತ್ತದೆ, ಅದಕ್ಕೆ ತೆಳುವಾದ ಪಟ್ಟಿ ಬೇಕೆಂದುಕೊಂಡೆ.

ಕೈಯಾರೆ ಪಿಕಪ್ ಸುತ್ತುವವರೊಬ್ಬರಿಗೆ ಬರೆದೆ: ಬ್ರಿಜ್‌ಗೆ ಒಂದೇ ಸೆರಾಮಿಕ್, ತೆಳು ಪಟ್ಟಿ, 42 ಗೇಜ್, ಇಂಡಕ್ಟೆನ್ಸ್ 5.5 ಹೆನ್ರಿಯ ಆಸುಪಾಸು, ಮೇಣದಲ್ಲಿ ಅದ್ದಿರಬೇಕು, ನಾಲ್ಕು ಎಳೆಯ ವೈರ್. ನೆಕ್‌ಗೆ (ಗಿಟಾರಿನ ಕತ್ತಿನ ಕಡೆಯ ಪಿಕಪ್ಪಿಗೆ) ಆಲ್ನಿಕೊ 5, ಇನ್ನೂ ಕಡಿಮೆ ಸುತ್ತು. ಮೇಣದ ಮಾತು ಮುಖ್ಯ. ಹೆಚ್ಚು ಗೇನ್‌ನಲ್ಲಿ ಸುರುಳಿಯ ಎಳೆ ಒಳಗೇ ಅದುರಿದರೆ ಪಿಕಪ್ ಕೀಚಲು ದನಿಯಲ್ಲಿ ಕಿರಿಚುತ್ತದೆ. ಅವರು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ, ಔಟ್‌ಪುಟ್ ಕಡಿಮೆ ಆಗುತ್ತದೆ, ಪರವಾಗಿಲ್ಲವೇ ಎಂದು. ಗೇನ್ ಆಂಪ್‌ನಲ್ಲಿ ಬೇಕಾದಷ್ಟಿದೆ, ಸ್ಪಷ್ಟತೆ ಮಾತ್ರ ಆಂಪ್‌ನಲ್ಲಿ ಸಿಗುವುದಿಲ್ಲ ಎಂದೆ. ಬಂದದ್ದನ್ನು ಅಳೆದರೆ ಬ್ರಿಜ್ 5.6 ಹೆನ್ರಿ, 10.4 ಕಿಲೋ ಓಮ್. ನೆಕ್ 4.1 ಹೆನ್ರಿ.

ಕೂರಿಸುವ ಕೆಲಸಕ್ಕೆ ಒಂದು ಇಡೀ ದಿನ ಹಿಡಿಯಿತು. ಮೊದಲು ಹಳೆಯ ವೈರಿಂಗ್‌ನ ಫೋಟೊ ತೆಗೆದಿಟ್ಟುಕೊಂಡೆ. ಈ ಗಿಟಾರಿನಲ್ಲಿ ಪಿಕಪ್ ನೇರವಾಗಿ ಮರಕ್ಕೆ ಸ್ಕ್ರೂ ಆಗುತ್ತದೆ, ಅಡಿಯಲ್ಲಿ ಸ್ಪಾಂಜು. ಆ ಸ್ಪಾಂಜು ಒಣಗಿ ಹುಡಿಯಾಗಿತ್ತು. ಹೊಸದಾಗಿ ದಟ್ಟವಾದ ಫೋಮ್ ಎರಡು ಪದರ ಹಾಕಿದೆ. ಅದು ಮೇಲಕ್ಕೆ ಒತ್ತದಿದ್ದರೆ ಎತ್ತರ ಹೊಂದಿಸಲು ಬರುವುದೇ ಇಲ್ಲ. ಗುಂಡಿಗಳ ಒಳಮೈಗೆ ತಾಮ್ರದ ಟೇಪ್ ಅಂಟಿಸಿ, ಪ್ರತಿ ತುಂಡೂ ಇನ್ನೊಂದಕ್ಕೆ ವಿದ್ಯುತ್ ದಾಟಿಸುತ್ತಿದೆಯೇ ಎಂದು ಮೀಟರ್‌ನಲ್ಲಿ ಬೀಪ್ ಕೇಳಿ ನೋಡಿ, ಗ್ರೌಂಡ್‌ಗೆ ಸೇರಿಸಿದೆ. ಬೆಸುಗೆ ಕಡ್ಡಿ 350 ಡಿಗ್ರಿ, ಪಾಟ್‌ನ ಬೆನ್ನಿಗೆ ಬೆಸೆಯುವಾಗ ಅಗಲ ತುದಿ.

ವೈರಿನ ಬಣ್ಣದ ಬಗ್ಗೆ ಎಚ್ಚರ. ಡಂಕನ್‌ನಲ್ಲಿ ಕಪ್ಪು ಹಾಟ್ (ದನಿ ಸಾಗಿಸುವ ಎಳೆ), ಕೆಂಪು-ಬಿಳಿ ಒಟ್ಟಿಗೆ ಸೇರಿಸಬೇಕು, ಹಸಿರು ಗ್ರೌಂಡ್. ಡಿಮಾರ್ಜಿಯೊದಲ್ಲಿ ಕೆಂಪು ಹಾಟ್, ಕಪ್ಪು-ಬಿಳಿ ಒಟ್ಟಿಗೆ, ಹಸಿರು ಗ್ರೌಂಡ್. ಒಂದರ ನಕ್ಷೆ ನೋಡಿ ಇನ್ನೊಂದನ್ನು ಬೆಸೆದರೆ ದನಿ ಎಲ್ಲೋ ಕಳೆದುಹೋಗುತ್ತದೆ.

ಎಲ್ಲ ಮುಗಿಸಿ ತಂತಿ ಕಟ್ಟಿ ಪ್ಲಗ್ ಮಾಡಿದರೆ ಪೂರ್ತಿ ಮೌನ. ಎದೆ ಧಸಕ್ಕೆಂದಿತು. ಮುಚ್ಚಳ ತೆರೆದು ಹಾಟ್ ತುದಿಗೂ ಗ್ರೌಂಡಿಗೂ ನಡುವೆ ಮೀಟರ್ ಇಟ್ಟರೆ ಬೀಪ್. ಸ್ವಿಚ್ಚಿನ ಒಂದು ಕಾಲು ಗೋಡೆಯ ತಾಮ್ರದ ಟೇಪಿಗೆ ತಾಗಿತ್ತು. ಮುಚ್ಚಳ ತೆರೆದು ಪರೀಕ್ಷಿಸಿದ್ದಾಗ ಸರಿಯಿತ್ತು, ಸ್ವಿಚ್ಚನ್ನು ಬಿಗಿ ಮಾಡಿದಾಗ ತಿರುಗಿ ತಾಗಿದೆ. ಆ ಗೋಡೆಗೆ ಇನ್ಸುಲೇಶನ್ ಟೇಪ್ ಅಂಟಿಸಿದೆ, ದನಿ ಬಂತು.

ಬಂದ ಮೇಲೆ ಇನ್ನೊಂದು. ಬ್ರಿಜ್ ಒಂದೇ ಚೆನ್ನಾಗಿದೆ, ನೆಕ್ ಒಂದೇ ಚೆನ್ನಾಗಿದೆ, ಸ್ವಿಚ್ಚನ್ನು ನಡುವೆ ಇಟ್ಟರೆ ಹಳೆಯ ಟೆಲಿಫೋನಿನಿಂದ ಬಂದಂಥ ಸೊರಗಿದ ದನಿ. ಎರಡೂ ಒಂದಕ್ಕೊಂದು ವಿರುದ್ಧ ಫೇಸ್‌ನಲ್ಲಿದ್ದವು, ಅಂದರೆ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತಿತ್ತು. ಇದನ್ನು ಸೂಜಿಯ ಮಲ್ಟಿಮೀಟರ್‌ನಲ್ಲಿ ಸುಲಭವಾಗಿ ಹಿಡಿಯಬಹುದು: ಪಿಕಪ್ಪಿನ ಎರಡು ತುದಿಗೆ ಮೀಟರ್ ಕೊಟ್ಟು, ಉಕ್ಕಿನ ಸ್ಕ್ರೂಡ್ರೈವರನ್ನು ಪಟ್ಟಿಗೆ ತಾಗಿಸಿ ಥಟ್ಟನೆ ಎತ್ತಿದರೆ ಸೂಜಿ ಒಂದು ಕಡೆ ಜಿಗಿಯುತ್ತದೆ. ಎರಡೂ ಪಿಕಪ್ಪಿಗೆ ಒಂದೇ ಕಡೆ ಜಿಗಿಯಬೇಕು. ನನ್ನವು ಎದುರುಬದುರು ಜಿಗಿದವು. ನೆಕ್ ಪಿಕಪ್ಪಿನ ಹಾಟ್ ಮತ್ತು ಗ್ರೌಂಡ್ ಅದಲುಬದಲು ಮಾಡಿದೆ. ಕವಚದ ವೈರ್ ಬೇರೆಯಾಗಿ ಇದ್ದದ್ದರಿಂದ ಇದು ಸಾಧ್ಯವಾಯಿತು. ಒಂದೇ ಎಳೆ ಮತ್ತು ಹೆಣೆದ ಕವಚದ ವೈರ್ ಆಗಿದ್ದರೆ ಅದಲುಬದಲಿನಿಂದ ಪಿಕಪ್ಪಿನ ಲೋಹದ ಮೈಯೇ ಹಾಟ್ ಆಗಿ ಗುಂಯ್‌ಗುಡುತ್ತಿತ್ತು. ನಾಲ್ಕು ಎಳೆ ಕೇಳಿದ್ದು ಅದಕ್ಕೇ.

ಹೋಲಿಸಲು ಹಳೆಯ ಪಿಕಪ್ ಇದ್ದಾಗಲೇ ಒಂದು ರೆಕಾರ್ಡಿಂಗ್ ಮಾಡಿಟ್ಟಿದ್ದೆ. ಆಂಪ್ ಇಲ್ಲದೆ ನೇರ ಇಂಟರ್‌ಫೇಸ್‌ಗೆ, ಹೊಸ ತಂತಿ, ಅದೇ ಪ್ಲೆಕ್ಟ್ರಮ್, ಅದೇ ಐದು ಮೀಟರ್ ಕೇಬಲ್, ಅದೇ ರಿಫ್. ಈಗ ಮತ್ತೆ ಅದನ್ನೇ ನುಡಿಸಿ ಎರಡನ್ನೂ ಒಂದೇ ಆಂಪ್ ಸೆಟ್ಟಿಂಗ್‌ಗೆ ಕಳಿಸಿದೆ. ಹೊಸದು ಸುಮಾರು 5 ಡೆಸಿಬೆಲ್ ಮೆತ್ತಗಿತ್ತು, ಮೊದಲು ಅದನ್ನು ಸರಿದೂಗಿಸಿದೆ. ಜೋರಾದದ್ದೇ ಚೆಂದವೆಂದು ಕಿವಿ ಮೋಸಹೋಗುತ್ತದೆ, ಈ ಹೆಜ್ಜೆ ಬಿಟ್ಟ ಯಾವ ಹೋಲಿಕೆಯನ್ನೂ ನಾನು ನಂಬುವುದಿಲ್ಲ.

ಸರಿದೂಗಿಸಿದ ಮೇಲೆ ಅನುಮಾನಕ್ಕೆ ಜಾಗವಿರಲಿಲ್ಲ. ನಾಲ್ಕು ಹೊಡೆತ ನಾಲ್ಕಾಗಿಯೇ ಬಿದ್ದವು, ನಡುವಿನ ಮೌನವೂ ಕೇಳಿಸಿತು. ಎಂಟು-ಏಳರ ಪವರ್ ಕಾರ್ಡ್‌ನಲ್ಲಿ ಎರಡು ತಂತಿ ಇವೆ ಎಂದು ಗೊತ್ತಾಗುತ್ತದೆ. ಪೆಡಲಿನ ಟೋನ್ ಗುಂಡಿಯನ್ನು ಮೊದಲೆಲ್ಲ ಪೂರ್ತಿ ಏರಿಸುತ್ತಿದ್ದೆ, ಈಗ ಅರ್ಧಕ್ಕೆ ಬಂತು.

ಕಳೆದುಕೊಂಡದ್ದೂ ಇದೆ. ಮೇಲಿನ ಎರಡು ತಂತಿಯಲ್ಲಿ ಸೋಲೊ ನುಡಿಸಿದರೆ ಹಳೆಯ ಪಿಕಪ್ ಕೊಡುತ್ತಿದ್ದ ತುಂಬುದನಿ ಈಗಿಲ್ಲ, ಸ್ವಲ್ಪ ಸಪೂರ. ಗೇನ್ ಏರಿಸಿದ್ದರಿಂದ ಹಿಸ್ ಕೂಡ ತುಸು ಹೆಚ್ಚಿತು, ನಾಯ್ಸ್ ಗೇಟನ್ನು (ನುಡಿಸದಿದ್ದಾಗ ಸದ್ದು ತಡೆಯುವ ಸಾಧನವನ್ನು) ಮತ್ತೆ ಹೊಂದಿಸಬೇಕಾಯಿತು. ಸೋಲೊದ ಕೊರತೆಗೆ ಪಿಕಪ್ಪಿನ ಸಪೂರ ತಂತಿಯ ಕಡೆಯನ್ನು ಎತ್ತಿದೆ, ಮುಕ್ಕಾಲುಪಾಲು ತುಂಬಿಕೊಂಡಿತು. ನೆಕ್ ಪಿಕಪ್ ನನಗೆ ಡಿಸ್ಟಾರ್ಶನ್ ಇಲ್ಲದ ಕಾರ್ಡ್‌ಗಳಿಗೆ ಮಾತ್ರ. ಅಲ್ಲಿ ದಪ್ಪ ತಂತಿ ಇನ್ನೂ ಅಗಲವಾಗಿ ಆಡುವುದರಿಂದ ತುಂಬ ಕೆಳಗೆ ಇಟ್ಟಿದ್ದೇನೆ.

ಒಂದು ವಾರ ನುಡಿಸಿ, ಅರ್ಧರ್ಧ ಸುತ್ತು ಸ್ಕ್ರೂ ತಿರುಗಿಸಿ ನಿಂತ ಅಳತೆಗಳು, ಕೊನೆಯ ಫ್ರೆಟ್ ಒತ್ತಿ: ಬ್ರಿಜ್ ಎಂಟನೇ ತಂತಿಗೆ 2.4 ಮಿ.ಮೀ., ಒಂದನೆಯದಕ್ಕೆ 1.6. ನೆಕ್ ಎಂಟನೆಯದಕ್ಕೆ 3.6, ಒಂದನೆಯದಕ್ಕೆ 2.2. ಹಿಂದಿನ ಮುಚ್ಚಳದ ಒಳಬದಿಗೆ ಪೆನ್ಸಿಲ್‌ನಲ್ಲಿ ಬರೆದು, ಅದರ ಕೆಳಗೆ ನೆಕ್ ಪಿಕಪ್ಪಿನ ಹಾಟ್-ಗ್ರೌಂಡ್ ಅದಲುಬದಲಾಗಿದೆ ಎಂದೂ ಸೇರಿಸಿ, ಸ್ಕ್ರೂ ಬಿಗಿ ಮಾಡಿದೆ.